ಯಾವ ಟೆನ್ಷನ್ನು, ಹೇಳಿ

ಮಂಗಳಮ್ಮನವರ ಮೇಜಿನ ಮುಂದೆ ನಿಂತು ‘ಟೆನ್ಷನ್’ ಅಂದವರು ಅಷ್ಟಕ್ಕೇ ಪಾರಾಗಿ ಹೋಗಿ ಬೆಂಚಿನ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಅವರು ಪೆನ್ನು ಕೆಳಗಿಟ್ಟು, ಹಣೆಯ ವಿಭೂತಿ ಗೆರೆಗಳು ಸುಕ್ಕಾಗುವಂತೆ ಹುಬ್ಬು ಮೇಲೆತ್ತಿ, “ಯಾವ ಟೆನ್ಷನ್ನು, ಹೇಳಿ” ಅನ್ನುತ್ತಿದ್ದರು. ಬಳೆ ಅಂಗಡಿಯಲ್ಲಿ ಯಾವ ಸೈಜು ಎಂದು ಕೇಳಿದ ಹಾಗಿರುತ್ತಿತ್ತು ಆ ದನಿ. ಬಂದವರು ತಬ್ಬಿಬ್ಬಾಗುತ್ತಿದ್ದರು. ಟೆನ್ಷನ್ನಿನಲ್ಲೂ ಬಗೆಬಗೆ ಇದೆ ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮುಂದಿನ ಕೋಣೆಯಲ್ಲಿ ನಮ್ಮ ಡಾಕ್ಟರ ಕ್ಲಿನಿಕ್. ಹೊರಗಿನ ಜಗಲಿಗೆ ಶೀಟ್ ಹೊದಿಸಿ, ಗೋಡೆಗೆ ಒಂದು ಉದ್ದ ಬೆಂಚು ಹಾಕಿ, ಒಂದು ಫ್ಯಾನು ತೂಗುಹಾಕಿದ್ದರು. ಬಾಗಿಲ ಪಕ್ಕದ ಮೇಜು ಮಂಗಳಮ್ಮನವರದು. ಪೂರ್ತಿ ಹೆಸರು ಸರ್ವಮಂಗಳ. ಬಳೇಪೇಟೆಯ ವ್ಯಾಪಾರಸ್ಥರ ಮನೆಯ ಹೆಣ್ಣುಮಗಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ಇದ್ದುಕೊಂಡು, ದಿನಾ ಬೆಳಗ್ಗೆ ಪೂಜೆ ಮುಗಿಸಿ ಕಾಟನ್‌ಪೇಟೆಯ ಕೈಗಾಡಿಗಳ ನಡುವೆ ನುಸುಳಿ ನಡೆದೇ ಬರುತ್ತಿದ್ದರು. ಕ್ಲಿನಿಕ್ಕಿನಲ್ಲಿ ಟೋಕನ್ ಇರಲಿಲ್ಲ. ಯಾರು ಮೊದಲು ಒಳಗೆ ಹೋಗಬೇಕು, ಯಾರು ಕಾಯಬೇಕು ಅನ್ನುವುದನ್ನೆಲ್ಲ ಮಂಗಳಮ್ಮನೇ ತೀರ್ಮಾನಿಸುತ್ತಿದ್ದರು. ಜಗಳ ಆದದ್ದು ಕಡಿಮೆ.

ಅವರ ಲೆಕ್ಕ ಅವರಿಗೇ ಗೊತ್ತು. ಗಾಬರಿಯವರು ನೇರ ಒಳಗೆ. ಚಿಂತೆಯವರು ಬೆಂಚಿನ ಮೇಲೆ. “ಚಿಂತೆ ಕೂತ್ಕೊಳ್ಳತ್ತೆ ಕಣಮ್ಮ, ಅದಕ್ಕೆ ಅಭ್ಯಾಸ ಇರತ್ತೆ. ಗಾಬರಿ ಕೂತ್ಕೊಳ್ಳಲ್ಲ” ಎಂದು ಒಮ್ಮೆ ನನಗೆ ಹೇಳಿದ್ದರು. ದಿಗಿಲು ಬಿದ್ದವರನ್ನು ಮಾತ್ರ ತಮ್ಮ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು, ಮಾತಾಡಿಸುತ್ತಲೇ ಬೇರೆಯವರ ಹೆಸರು ಬರೆದುಕೊಳ್ಳುತ್ತಿದ್ದರು. ದಿಗಿಲಿನವರನ್ನು ಒಂಟಿಯಾಗಿ ಬಿಡಬಾರದಂತೆ.

ಒಂದು ದಿನ ಕಾಟನ್‌ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಬಂದರು. ಬಿಳಿ ಅಂಗಿ, ಎರಡೂ ಕೈಯಲ್ಲಿ ಒಂದೊಂದು ಮೊಬೈಲು. “ಬಿಸಿನೆಸ್ ಟೆನ್ಷನ್ ಮೇಡಂ, ಬಿಪಿ ಚೆಕ್ ಮಾಡ್ಸಿ ಹೋಗ್ಬಿಡ್ತೀನಿ” ಅಂದರು. ಮಂಗಳಮ್ಮ ಬಿಡಲಿಲ್ಲ.

“ರಾತ್ರಿ ನಿದ್ದೆ ಬರಲ್ವೋ, ಬೆಳಗ್ಗೆ ಏಳೋಕೆ ಮನಸ್ಸಾಗಲ್ವೋ?”

ಆ ಮನುಷ್ಯ ಒಂದು ಮೊಬೈಲನ್ನು ಜೇಬಿಗೆ ಹಾಕಿದರು. ಇನ್ನೊಂದನ್ನೂ ಹಾಕಿದರು. “ಏಳೋಕೆ” ಅಂದರು, ಮೆಲ್ಲಗೆ.

“ಅದು ಟೆನ್ಷನ್ ಅಲ್ಲ ಸ್ವಾಮಿ, ಬೇಜಾರು. ಅದಕ್ಕೆ ಡಾಕ್ಟ್ರ ಹತ್ರ ಟೈಮ್ ಜಾಸ್ತಿ ಬೇಕು. ಹೋಗಿ ಒಂದು ಕಾಫಿ ಕುಡ್ಕೊಂಡು ಬನ್ನಿ, ಎಲ್ಲರದ್ದೂ ಆದ್ಮೇಲೆ ನಿಧಾನಕ್ಕೆ ಕಳಿಸ್ತೀನಿ.”

ಅವರು ನಿಜಕ್ಕೂ ಕಾಫಿ ಕುಡಿದು ಬಂದು ಕೊನೆಯವರೆಗೂ ಕಾದರು. ನಾನು ಅಲ್ಲಿ ಆ ಹೊತ್ತಿಗೆ ಯಾಕೆ ಇದ್ದೆ ಎಂದು ಕೇಳಬೇಡಿ. ನಾನು ಅಲ್ಲಿ ಯಾವಾಗಲೂ ಇರುತ್ತಿದ್ದೆ.

ನಾನು ಹುಟ್ಟಾ ಪುಕ್ಕಲಿ. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ನನಗೆ ‘ಟೆನ್ಷನ್ ಪಾರ್ಟಿ’ ಎಂದೇ ಹೆಸರು. ಈ ಊರಲ್ಲಿ ಆ ಒಂದು ಇಂಗ್ಲಿಷ್ ಪದ ಪಕ್ಕದ ಮನೆಯ ಏಣಿಯ ಹಾಗೆ, ಯಾರಿಗೆ ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಕೆಗೆ ಬರುತ್ತದೆ. ಆಟೋದವನು “ಟೆನ್ಷನ್ ಯಾಕ್ ತಗೋತೀರ” ಎಂದು ಸಿಗ್ನಲ್ ಹಾರಿಸುತ್ತಾನೆ. ಸೀರೆ ಅಂಗಡಿಯವನು ಬಣ್ಣ ಬಿಡಲ್ಲ, ನೋ ಟೆನ್ಷನ್ ಅನ್ನುತ್ತಾನೆ. ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ “ಅಮ್ಮಾ, ಸುಮ್ನೆ ಟೆನ್ಷನ್ ಕೊಡ್ಬೇಡ” ಎಂದು ಬೈಯುತ್ತಾಳೆ. ಮದುವೆ ಮನೆಯಲ್ಲಿ ಅಡುಗೆಯವರು ಬರುವುದು ತಡವಾದರೂ ಅದೇ, ಪರೀಕ್ಷೆಗೂ ಅದೇ, ಆಪರೇಷನ್ನಿಗೂ ಅದೇ. ತಗೊಳ್ಳುವುದು, ಕೊಡುವುದು, ಮಾಡಿಕೊಳ್ಳುವುದು ಎಲ್ಲವೂ ಟೆನ್ಷನ್ನನ್ನೇ. ಇಷ್ಟೆಲ್ಲಕ್ಕೂ ಒಂದೇ ಪದ ಆದ್ದರಿಂದ ನನ್ನದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಇಟ್ಟುಕೊಂಡ ಮೊದಲಿಗರು ಮಂಗಳಮ್ಮ.

ಮೊದಲ ಸಲ ಎದೆ ಹೊಡೆದುಕೊಳ್ಳುತ್ತದೆ ಎಂದು ಹೋದಾಗ ಅವರು ನನ್ನ ಬಾಯಿ ಮಾತನ್ನು ಕೇಳಲೇ ಇಲ್ಲ. ಮೇಜಿನಾಚೆಯಿಂದ ಕೈ ಚಾಚಿ ನನ್ನ ಬಲಗೈ ಹಿಡಿದು, ಹೆಬ್ಬೆರಳ ಬುಡವನ್ನು ಒತ್ತಿ, ಬೆರಳುಗಳನ್ನು ಒಟ್ಟುಮಾಡಿ ನೋಡಿದರು. “ಇದು ಕಳವಳ. ಮನೇಲಿ ಯಾರಾದ್ರೂ ಬರೋದು ತಡ ಆದ್ರೆ ಗೇಟ್ ಹತ್ರ ಹೋಗಿ ನಿಂತ್ಕೋತೀರಾ?” ಅಂದರು. ನಿಂತ್ಕೋತೀನಿ ಅಂದೆ. “ಹೂಂ” ಅಂದರು, ಸೀರೆ ಸರಿಯಾದ ಬೆಲೆಗೆ ಸಿಕ್ಕವರ ಹಾಗೆ.

ಕೈ ನೋಡುವ ಈ ವಿದ್ಯೆ ಅವರಿಗೆ ಬಂದದ್ದು ತಂದೆಯ ಬಳೆ ಅಂಗಡಿಯಲ್ಲಿ. ಆಗೆಲ್ಲ ಮದುಮಗಳಿಗೆ ಬಳೆ ತೊಡಿಸುವ ಕೆಲಸ ಮನೆಯ ಹೆಣ್ಣುಮಕ್ಕಳದು. “ಹೆದರಿದ ಕೈ ಗಂಟು ಹಾಕ್ಕೊಂಡ್ಬಿಡತ್ತೆ. ಎಷ್ಟು ದೊಡ್ಡ ಸೈಜ್ ತಗೊಂಡ್ರೂ ಬಳೆ ಒಡೆಯತ್ತೆ. ಅಂಥವ್ರ ಜೊತೆ ಮೊದ್ಲು ಮಾತಾಡ್ಬೇಕು. ಗಂಡನ ಊರು ಯಾವ್ದು, ಅತ್ತೆ ಹೆಂಗೆ ಅಂತ. ಮಾತಾಡ್ತಾ ಮಾತಾಡ್ತಾ ಕೈ ಮೆತ್ತಗಾಗತ್ತೆ, ಬಳೆ ತಾನೇ ಏರತ್ತೆ” ಎಂದು ವಿವರಿಸುತ್ತಿದ್ದರು. ತಾವು ಮಾತ್ರ ಎರಡು ತೆಳು ಚಿನ್ನದ ಬಳೆ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ.

ಗಂಡಸರ ಕೈಯನ್ನು ಅವರು ಮುಟ್ಟುತ್ತಿರಲಿಲ್ಲ. ಬಳೆ ಅಂಗಡಿಗೆ ಗಂಡಸರು ಬಂದರೆ ದುಡ್ಡು ಕೊಟ್ಟು ಹೊರಗೆ ನಿಲ್ಲುವವರು. ಅವರ ಕೈ ಹಿಡಿಯುವ ರೂಢಿಯೇ ಬಂದಿರಲಿಲ್ಲ. ಕ್ಲಿನಿಕ್ಕಿನಲ್ಲೂ ಅದೇ ನಡೆಯಿತು. ಹೆಂಗಸರಿಗೆ ಕೈ, ಗಂಡಸರಿಗೆ ಪ್ರಶ್ನೆ. “ಗಂಡಸ್ರ ಕೈ ಹಿಡ್ಯೋದು ನಮ್ಮಲ್ಲಿಲ್ಲ ಕಣಮ್ಮ. ಅವ್ರು ಬಾಯಲ್ಲಿ ಹೇಳ್ತಾರಲ್ಲ, ಸಾಕು” ಅಂದಿದ್ದರು. ಎಲ್ಲರೂ ಹೇಳುತ್ತಾರಾ ಎಂದು ಕೇಳಿದ್ದಕ್ಕೆ, “ಕೇಳೋ ಹಂಗೆ ಕೇಳಿದ್ರೆ ಹೇಳ್ತಾರೆ” ಎಂದು ನಕ್ಕಿದ್ದರು.

ನನ್ನ ಮನೆಯಲ್ಲಿ ಒಬ್ಬರು ಹೇಳುತ್ತಿರಲಿಲ್ಲ. ನಮ್ಮ ಯಜಮಾನರು. ಮಾಗಡಿ ಕಡೆಯ ಹೊಲಗದ್ದೆಯ ಮನೆಯಿಂದ ಬಂದು ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟವರು. ಲಾರಿ ಬರದಿದ್ದರೂ, ಟೊಮೆಟೊ ರಾಶಿ ಕೊಳೆತರೂ, ಹಲ್ಲುನೋವಿಗೆ ಕೆನ್ನೆ ಊದಿಕೊಂಡರೂ ಇವರ ಉತ್ತರ ಒಂದೇ: “ಟೆನ್ಷನ್ ಏನಿಲ್ಲ ಬಿಡು.” ಇವರ ತಂದೆಯೂ ಹೀಗೇ ಇದ್ದರಂತೆ. ಒಂದು ಮಧ್ಯಾಹ್ನ ಹೊಲದಲ್ಲಿ ನೀರು ಕುಡಿದು, ಸ್ವಲ್ಪ ಕೂತ್ಕೋತೀನಿ ಎಂದು ಬದುವಿನ ಮೇಲೆ ಕೂತವರು ಮತ್ತೆ ಏಳಲಿಲ್ಲ. ಬೆಳಗಿನಿಂದ ನೋವಿತ್ತೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ. ಈ ಕಥೆಯನ್ನು ಮದುವೆಯಾದ ಹೊಸತರಲ್ಲಿ ಕೇಳಿದಾಗಿನಿಂದ ನನಗೆ ಇರುವ ಹೆದರಿಕೆ ಇದೊಂದೇ. ಉಳಿದವೆಲ್ಲ ಅದರ ಮರಿಗಳು. ಇವರೂ ಒಂದು ದಿನ ಏನೂ ಹೇಳದೆ ಕೂತುಬಿಡುತ್ತಾರೆ ಅನ್ನುವ ಹೆದರಿಕೆ.

ಮಂಗಳಮ್ಮನ ಹತ್ತಿರ ಇದನ್ನು ಹೇಳಿಕೊಂಡಿದ್ದೆ. “ಒಂದ್ಸಲ ಕರ್ಕೊಂಡು ಬನ್ನಿ. ನಾನು ಕೇಳ್ತೀನಿ” ಎಂದು ಧೈರ್ಯ ಕೊಟ್ಟಿದ್ದರು.

ಹಾಗೆ ಕರೆದುಕೊಂಡು ಹೋಗುವ ದಿನ ಬಂತು. ಶ್ರಾವಣದ ತಂಪು ಬೆಳಗ್ಗೆ. ಮಂಡಿಯಿಂದ ಮಧ್ಯಾಹ್ನಕ್ಕೆ ಮೊದಲು ಎಂದೂ ಮನೆಗೆ ಬಾರದ ಇವರು ತಿಂಡಿಯ ಹೊತ್ತಿಗೇ ಬಂದು ಚಪ್ಪಲಿ ಬಿಟ್ಟರು. ಅಂಗಿಯ ಬೆನ್ನು ಪೂರ್ತಿ ಒದ್ದೆ. “ಸ್ವಲ್ಪ ಗ್ಯಾಸು” ಅಂದರು. ಆ ಚಳಿಯಲ್ಲಿ ಬೆವರು ಯಾಕೆ ಎಂದು ನಾನು ಕೇಳಲಿಲ್ಲ, ಸೀದಾ ಆಟೋ ಕರೆದೆ. ದೊಡ್ಡಾಸ್ಪತ್ರೆಗೆ ಅಂದರೆ ಇವರು ಹತ್ತುತ್ತಿರಲಿಲ್ಲ, ಆದ್ದರಿಂದ ಕ್ಲಿನಿಕ್ಕಿಗೆ ಅಂದೆ.

ಬೆಂಚು ತುಂಬಿತ್ತು. ಮಂಗಳಮ್ಮ ಇವರನ್ನು ನೋಡಿ ಎದ್ದೇ ನಿಂತರು. ಎಷ್ಟೋ ದಿನದಿಂದ ಕಾದ ಅತಿಥಿ ಬಂದ ಹಾಗೆ ಮುಖ ಅರಳಿತು.

“ಏನಾಗ್ತಿದೆ ಸ್ವಾಮಿ?”

“ಏನಿಲ್ಲ ಮೇಡಂ, ಸ್ವಲ್ಪ ಟೆನ್ಷನ್.”

“ಯಾವ ಟೆನ್ಷನ್ನು, ಹೇಳಿ.”

“ಯಾವ್ದೂ ಇಲ್ಲ, ಇವಳದ್ದೇ ಟೆನ್ಷನ್” ಎಂದು ಇವರು ನನ್ನ ಕಡೆ ಗದ್ದ ತೋರಿಸಿ ನಕ್ಕರು. ಬೆಂಚಿನವರೆಲ್ಲ ನಕ್ಕರು. ಮಂಗಳಮ್ಮನೂ ನಕ್ಕರು, ನಗುತ್ತಲೇ ಅಭ್ಯಾಸ ಬಲದಿಂದ ನನ್ನ ಕೈ ಹಿಡಿದರು. ಹಿಡಿದೊಡನೆ ನಗು ನಿಂತಿತು. ನನ್ನ ಕೈ ತಣ್ಣಗೆ ಗಂಟು ಹಾಕಿಕೊಂಡಿತ್ತು.

“ಅಯ್ಯೋ, ಇದು ಗಾಬರಿ! ನಡೀರಿ, ನಡೀರಿ ಒಳಗೆ.”

“ನನಗಲ್ಲ ಮಂಗಳಮ್ಮ, ಇವ್ರಿಗೆ.”

“ಗೊತ್ತು ಕಣಮ್ಮ. ಮೊದ್ಲು ನೀವು ಹೋಗಿ. ಅವ್ರು ನಗ್ತಿದಾರೆ, ಕೂತಿರ್ತಾರೆ.” ನನ್ನ ಬೆನ್ನ ಮೇಲೆ ಕೈಯಿಟ್ಟು ಬಾಗಿಲು ದಾಟಿಸಿಯೇ ಬಿಟ್ಟರು. ಇವರು ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡು ಕೂತದ್ದು ನನಗೆ ಓರೆಗಣ್ಣಿಗೆ ಕಾಣಿಸಿತು.

ಒಳಗೆ ಡಾಕ್ಟರು “ಏನಮ್ಮ, ಮತ್ತೆ ನೀವೇನಾ” ಎಂದು ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಪಟ್ಟಿ ಬಿಗಿಯುತ್ತಾ ಹೋದಷ್ಟೂ ನನಗೆ ಮಾತು ತೊದಲುತ್ತಿತ್ತು. ಇವರಿಗೆ ಸರ್, ಬೆವರು ಸರ್, ಹೊರಗೆ ಕೂತಿದಾರೆ ಸರ್. ಡಾಕ್ಟರು ಅರ್ಥಮಾಡಿಕೊಂಡವರೇ ಪಟ್ಟಿ ಬಿಚ್ಚಿ ಎದ್ದರು. ಅಷ್ಟರಲ್ಲಿ ಹೊರಗೆ ಬೆಂಚು ಕಿರ್ರೆಂದು ಸರಿಯಿತು.

ಇವರು ಪಕ್ಕದವರ ಭುಜದ ಮೇಲೆ ಒರಗಿದ್ದರು, ಅವರೂ ಏನೂ ತೋಚದೆ ಹಾಗೇ ಹಿಡಿದುಕೊಂಡಿದ್ದರು. ಮಂಗಳಮ್ಮ ನೆಲದ ಮೇಲೆ ಮಂಡಿಯೂರಿ ಇವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದಿದ್ದರು. “ಡಾಕ್ಟ್ರೇ, ಕೈ ಐಸ್ ಆಗಿದೆ, ಐಸ್ ಆಗಿದೆ” ಎಂದು ಕೂಗುತ್ತಿದ್ದರು. ಆ ಮುಖವನ್ನು ನಾನು ಮರೆಯಲಾರೆ.

ಡಾಕ್ಟರು ನಾಲಗೆ ಕೆಳಗೆ ಮಾತ್ರೆ ಇಟ್ಟು, ತಮ್ಮದೇ ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಹೃದಯದ ಒಂದು ಭಾಗ ಸೋತಿದೆ, ಇನ್ನು ಮೇಲೆ ಹುಷಾರು, ಸಣ್ಣ ನೋವನ್ನೂ ಮುಚ್ಚಿಡಬಾರದು ಅಂದರು. ಅದನ್ನು ಕೇಳಿ ನನಗೆ ಅಳುವೇ ಬಂತು. ಮುಚ್ಚಿಡುವುದನ್ನು ಬಿಟ್ಟು ಬೇರೇನೂ ಬರದ ಮನುಷ್ಯನಿಗೆ ಇದು ಎಂಥಾ ಪಥ್ಯ!

ಮಂಗಳಮ್ಮ ದಿನಾ ಸಂಜೆ ಕ್ಲಿನಿಕ್ ಮುಗಿಸಿ ಆಸ್ಪತ್ರೆಗೆ ಬರುತ್ತಿದ್ದರು. ಐಸಿಯು ಹೊರಗೆ ಸಾಲು ಕುರ್ಚಿ ಇದ್ದರೂ ಕೂರುತ್ತಿರಲಿಲ್ಲ, ಗೋಡೆಗೆ ಆತು ನಿಲ್ಲುತ್ತಿದ್ದರು. “ನಾನೇ ಕೂರ್ಸಿದ್ದು ಅವ್ರನ್ನ. ನಗ್ತಿದಾರೆ ಅಂತ ಕೂರ್ಸ್ಬಿಟ್ಟೆ” ಎಂದು ಅದೇ ಮಾತನ್ನು ಹೇಳುತ್ತಿದ್ದರು. ನಿಮಗೆ ಅವರ ಮೇಲೆ ಕೋಪ ಬರಲಿಲ್ಲವೇ ಎಂದು ನೆಂಟರು ಈಗಲೂ ಕೇಳುತ್ತಾರೆ. ಕೋಪ ಬರಬೇಕಾದರೆ ಒಳಗೆ ಜಾಗ ಇರಬೇಕು. ನನ್ನೊಳಗೆ ಕಾಲಿಡಲೂ ಜಾಗವಿಲ್ಲದಂತೆ ಹೆದರಿಕೆ ತುಂಬಿತ್ತು. ಅವರೂ ಪಕ್ಕದಲ್ಲಿ ಹೆದರಿಕೊಂಡು ನಿಂತದ್ದು ನನಗೆ ಆಸರೆಯೇ ಆಯಿತು.

ಇವರನ್ನು ವಾರ್ಡಿಗೆ ಹಾಕಿದ ದಿನ ಅವರು ಮಂಚದ ಹತ್ತಿರ ಬಂದು, “ಕೈ ಕೊಡಿ” ಅಂದರು. ಇವರು ನನ್ನ ಮುಖ ನೋಡಿ, ಆಮೇಲೆ ಕೊಟ್ಟರು. ಮಂಗಳಮ್ಮ ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. “ಬೆಚ್ಚಗಿದೆ” ಅಂದರು ಕೊನೆಗೆ. ಇವರು ಮುಖವನ್ನು ಕಿಟಕಿ ಕಡೆ ತಿರುಗಿಸಿಕೊಂಡರು.

ಆಮೇಲೆ ಮಂಗಳಮ್ಮನವರಿಂದ ಆ ಮೇಜಿನ ಕೆಲಸ ಆಗಲಿಲ್ಲ. ಯಾರು ಏನಂದರೂ ಒಳಗೆ ಕಳಿಸುವುದಕ್ಕೆ ಶುರು ಮಾಡಿದರು. ಕೆಮ್ಮಿನವರೂ ಗಾಬರಿ, ಕಾಲುನೋವಿನವರೂ ಗಾಬರಿ. ಗಂಡಸರ ಕೈಯನ್ನೂ ಹಿಡಿದು ನೋಡತೊಡಗಿದರು. ಕೆಲವರು ಸಂಕೋಚದಿಂದ ಕೈ ಎಳೆದುಕೊಂಡರು, ನಿವೃತ್ತ ಅಧಿಕಾರಿಯೊಬ್ಬರು ಇದೇನಿದು ಎಂದು ಡಾಕ್ಟರಿಗೆ ದೂರು ಹೇಳಿದರು. ಡಾಕ್ಟರು ಒಳ್ಳೆಯವರು, ಒಂದು ಮಾತೂ ಆಡಲಿಲ್ಲ. ಮಂಗಳಮ್ಮನೇ ಒಂದು ದಿನ ಕನ್ನಡಕದ ಡಬ್ಬಿ ಎತ್ತಿಕೊಂಡು ಮನೆಗೆ ಹೋದರು. “ನನ್ನ ಕಿವಿ ಮೇಲೆ ನನಗೇ ನಂಬಿಕೆ ಹೋಯ್ತು ಕಣಮ್ಮ. ಅಂಥವ್ರು ಅಲ್ಲಿ ಕೂರಬಾರದು” ಎಂದು ನನಗೆ ಫೋನಿನಲ್ಲಿ ಹೇಳಿದರು. ಈಗ ಅಲ್ಲಿ ಟೋಕನ್ ಮೆಷಿನ್ ಇದೆ.

ಕೆಲಸ ಬಿಟ್ಟರೂ ನಮ್ಮನ್ನು ಬಿಡಲಿಲ್ಲ. ಒಂದು ಬೇಡಿಕೆ ಇಟ್ಟರು. “ಬೆಳಗ್ಗೆ ಅವ್ರು ತಿಂಡಿ ತಿಂದು ಮಾತ್ರೆ ತಗೊಂಡ್ಮೇಲೆ ನನಗೊಂದು ರಿಂಗ್ ಕೊಡಿ. ಎತ್ತಲ್ಲ, ಕಟ್ ಮಾಡ್ತೀನಿ. ಕಟ್ ಆಯ್ತು ಅಂದ್ರೆ ನನಗೆ ಸಮಾಧಾನ ಆಯ್ತು ಅಂತ ತಿಳ್ಕೊಳ್ಳಿ.” ಹಾಗೇ ನಡೆಯಿತು. ಇವರು ಮಾತ್ರೆ ನುಂಗಿ ಲೋಟ ಕೆಳಗಿಡುವ ಮೊದಲೇ ನನ್ನ ಬೆರಳು ಫೋನಿನ ಮೇಲಿರುತ್ತಿತ್ತು. ಎರಡು ರಿಂಗು, ಕಟ್. ಪೂಜೆಯಲ್ಲಿದ್ದು ಒಮ್ಮೊಮ್ಮೆ ತಡವಾದರೆ ನನಗೆ ಅವರ ಚಿಂತೆ ಹತ್ತಿಕೊಳ್ಳುತ್ತಿತ್ತು. ಪುಕ್ಕಲಿಗೆ ಸಮಾಧಾನ ಅನ್ನುವುದು ಎರಡು ಕಡೆಯಿಂದಲೂ ಇಲ್ಲ.

ವಾರಕ್ಕೊಮ್ಮೆ ತಾವೇ ಬರುತ್ತಿದ್ದರು. ಬಂದವರೇ ಇವರ ಎದುರು ಕುರ್ಚಿ ಎಳೆದುಕೊಂಡು ಕೈ ಹಿಡಿಯುತ್ತಿದ್ದರು. “ಈ ವಾರ ಹೆಂಗಿತ್ತು?” “ಚೆನ್ನಾಗಿತ್ತು.” “ಸುಳ್ಳು ಹೇಳ್ಬೇಡಿ, ಕೈ ಗಂಟು ಹಾಕ್ಕೊಂಡಿದೆ.” ಆಮೇಲೆ ಮಂಡಿಯ ಸುದ್ದಿ, ಬದನೆಕಾಯಿ ರೇಟು, ಮಾಗಡಿ ರಸ್ತೆಯ ಟ್ರಾಫಿಕ್ಕು. ಮಾತಿನ ಮಧ್ಯೆ ಯಾವುದೋ ಒಂದು ಘಳಿಗೆಯಲ್ಲಿ ಇವರು ಹೇಳತೊಡಗುತ್ತಿದ್ದರು. ಮೆಟ್ಟಿಲು ಹತ್ತಿದರೆ ಎದೆ ಪುಕುಪುಕು ಅನ್ನುತ್ತದೆ. ಲಾರಿ ಹಾರ್ನ್ ಕೇಳಿದರೆ ಕಸಿವಿಸಿ. ಸಂಜೆಯಾದರೆ ಸುಮ್ಮನೆ ಏನೋ ತಳಮಳ. ಒಂದೊಂದಕ್ಕೂ ಒಂದೊಂದು ಹೆಸರು, ನಾನು ಈ ಮನುಷ್ಯನ ಬಾಯಲ್ಲಿ ಎಂದೂ ಕೇಳದವು. ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಇವರು, “ನಮ್ಮಪ್ಪನ್ ತರಾನೇ ಕೂತಲ್ಲೇ ಹೋಗ್ಬಿಡ್ತೀನೇನೋ ಅಂತ ಅನ್ಸತ್ತೆ ಮಂಗಳಮ್ಮ” ಅಂದರು. ನನ್ನ ಹೆದರಿಕೆಯೇ ಇವರದೂ ಆಗಿತ್ತು. ಒಂದೇ ಮನೆಯಲ್ಲಿ, ಒಂದೇ ಹೆದರಿಕೆಯನ್ನು ಇಬ್ಬರೂ ಬೇರೆಬೇರೆಯಾಗಿ ಸಾಕಿಕೊಂಡಿದ್ದೆವು. ನನಗೆ ಹೇಳದೆ ಅವರಿಗೆ ಹೇಳಿದರಲ್ಲ ಎಂದು ಹೊಟ್ಟೆಕಿಚ್ಚಾಯಿತು, ಯಾರಿಗಾದರೂ ಹೇಳಿದರಲ್ಲ ಎಂದು ಹಾಯೆನಿಸಿತು. ಹಾಲು ಉಕ್ಕಿತು.

ಕಳೆದ ವರ್ಷ ಒಂದು ಸೋಮವಾರ ಬೆಳಗ್ಗೆ ರಿಂಗ್ ಕೊಟ್ಟೆ. ಕಟ್ ಆಗಲಿಲ್ಲ. ಪೂರ್ತಿ ಬಡಿದುಕೊಂಡು ತಾನೇ ನಿಂತಿತು. ಸೋಮವಾರದ ಪೂಜೆ ದೊಡ್ಡದಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಸಾರಿಗೆ ಬೇಳೆ ಇಟ್ಟು ಮತ್ತೆ ಮಾಡಿದೆ. ಮತ್ತೆ ಪೂರ್ತಿ ಬಡಿದುಕೊಂಡಿತು. ಇವರು ನನ್ನ ಮುಖ ನೋಡಿ ಅಂಗಿ ಹಾಕಿಕೊಂಡರು.

ಬಳೇಪೇಟೆಯ ಆ ಗಲ್ಲಿಯೊಳಗೆ ಆಟೋ ಹೋಗುವುದಿಲ್ಲ. ರಿಬ್ಬನ್ನು, ಬಳೆಗಳ ಮೂಟೆ ಹೊತ್ತ ಗಾಡಿಗಳ ಪಕ್ಕದಲ್ಲಿ ನಡೆದು ಹೋದೆವು. ಮಹಡಿಯ ಮೆಟ್ಟಿಲು ಕಡಿದಾಗಿತ್ತು. ನೀವು ಹತ್ತಬೇಡಿ ಅಂದರೆ ಇವರು ಕೇಳಲಿಲ್ಲ, ನಿಂತು ನಿಂತು ಹತ್ತಿದರು. ಹಿಂದೆ ನಾನು, ಇವರ ಬೆನ್ನ ಮೇಲೆ ಮತ್ತೆ ಬೆವರು ಮೂಡುತ್ತದೋ ಎಂದು ನೋಡುತ್ತಾ. ಮೇಲೆ ಜನ ಸೇರಿದ್ದರು. ಪೂಜೆ ಮುಗಿಸಿ ಗೋಡೆಗೆ ಒರಗಿದವರು ಹಾಗೇ ಲಿಂಗೈಕ್ಯರಾದರು ಎಂದು ಅವರ ಅತ್ತಿಗೆ ಹೇಳಿದರು. “ಫೋನ್ ಬಡ್ಕೋತಾ ಇತ್ತಮ್ಮ, ನೀವೇ ಇರ್ಬೇಕು ಅಂತ ಗೊತ್ತಾಯ್ತು. ಎತ್ತೋಕೆ ಧೈರ್ಯ ಬರ್ಲಿಲ್ಲ.”

ಅವರ ಪದ್ಧತಿಯಂತೆ ಕೂರಿಸಿದ್ದರು. ಹಣೆಗೆ, ತೋಳಿಗೆ ಹೊಸ ವಿಭೂತಿ. ಎಡಗೈಯ ಮೇಲೆ ಇಷ್ಟಲಿಂಗ. ನಮ್ಮವರು ಮುಂದೆ ಹೋಗಿ ನಿಂತು ಆ ಕೈಯನ್ನೇ ನೋಡುತ್ತಿದ್ದರು. ಮುಟ್ಟಲಿಲ್ಲ. ಕಾಲಿಗೆ ಹಣೆ ಹಚ್ಚಿ ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಬಂದರು.

ಮಾರನೆಯ ಬೆಳಗ್ಗೆ ತಿಂಡಿ ತಿಂದರು. ಮಾತ್ರೆ ನುಂಗಿದರು. ನಾನು ಫೋನನ್ನು ಎತ್ತಿಕೊಂಡು, ಯಾರಿಗೆ ಎಂದು ನೆನಪಾಗಿ, ಕೆಳಗಿಟ್ಟೆ. ಇವರು ಖಾಲಿ ಲೋಟವನ್ನು ತಿರುಗಿಸುತ್ತಾ ಕೂತಿದ್ದರು.

“ಇನ್ನು ಯಾರಿಗ್ ಹೇಳ್ಳೇ ನಾನು?” ಅಂದರು.

“ನಾನಿಲ್ವಾ?” ಅಂದೆ.

“ನೀನು ಹೆದರ್ಕೊಂಡ್ಬಿಡ್ತೀಯ. ನೀನು ಹೆದರ್ತೀಯ ಅಂತಾನೇ ನಾನು ಯಾವತ್ತೂ ಹೇಳ್ತಿರ್ಲಿಲ್ಲ.”

ಇಷ್ಟು ವರ್ಷ ಇವರು ಬಾಯಿ ಬಿಡದ್ದು ನನ್ನನ್ನು ಕಾಪಾಡಲಿಕ್ಕೆ ಎಂದು ನನಗೆ ಆಗಲೇ ತಿಳಿದದ್ದು. ಇವರ ಎದುರು ಕುರ್ಚಿ ಎಳೆದುಕೊಂಡು, ಹೆದರದೆ ಕೂತೆ. ಹೆದರದೆ ಅನ್ನುವುದು ಸುಳ್ಳು. ಕೂತೆ, ಅಷ್ಟೇ.